ಮಕ್ಕಳ ಕೈಗೆ ತೆಪ್ಪದ ಹುಟ್ಟು

ಎಚ್.ಡಿ. ಕೋಟೆ ತಾಲ್ಲೂಕಿನ ಕೊನೆಯಲ್ಲಿ, ನಾಗರಹೊಳೆಯ ಕಾಡು ದಾಟಿದ ಮೇಲೆ ಸಿಗುವ ಡಿ.ಬಿ. ಕುಪ್ಪೆಗೆ ಕಬಿನಿ ಹೊಳೆಯೇ ಗಡಿ. ಈಚೆ ದಡ ಕರ್ನಾಟಕ, ಆಚೆ ದಡ ಕೇರಳದ ವಯನಾಡು ಜಿಲ್ಲೆಯ ಪೆರಿಕ್ಕಲ್ಲೂರು. ಎರಡು ದಡಗಳ ನಡುವೆ ಸೇತುವೆ ಕಟ್ಟುವ ಮಾತು ದಶಕಗಳಿಂದ ನಡೆದೇ ಇದೆ, ಜನ ದೋಣಿಯಲ್ಲಿ ದಾಟುತ್ತಲೇ ಇದ್ದಾರೆ. ಕೂಲಿಗೆ ಹೋಗುವವರು, ಪೇಟೆಗೆ ಹೋಗುವವರು, ಅವರ ಜೊತೆ ಮಕ್ಕಳು. ಅಂಬಿಗನ ಕೈಯಲ್ಲಿ ಜೀವ ಇಟ್ಟು ಕೂತ ಆ ಮಕ್ಕಳಿಗೆ ದೋಣಿಯ ಬಗ್ಗೆ ಏನು ಗೊತ್ತಿದೆ, ಯಾರು ಹೇಳಿಕೊಟ್ಟಿದ್ದಾರೆ ಎಂದು ಕೇಳಿದರೆ ನಮ್ಮ ಶಾಲಾ ವ್ಯವಸ್ಥೆಯಲ್ಲಿ ಉತ್ತರ ಕೊಡುವವರು ಯಾರೂ ಇಲ್ಲ.

ಮೈಸೂರು ಜಿಲ್ಲೆಯ ಪಶ್ಚಿಮದ ಈ ಸೀಮೆ ನೀರಿನ ಸೀಮೆ. ಬೀಚನಹಳ್ಳಿಯಲ್ಲಿ 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟು ಸುಮಾರು 19.5 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಊರು, ಹೊಲ, ಕಾಡುಗಳನ್ನು ಮುಳುಗಿಸಿ ಹರಡಿದ ಹಿನ್ನೀರು ಎಚ್.ಡಿ. ಕೋಟೆಯ ನಕಾಶೆಯನ್ನೇ ಬದಲಿಸಿತು. ಅದೇ ಸೀಮೆಯಲ್ಲಿ ನುಗು, ತಾರಕ, ಹೆಬ್ಬಳ್ಳ ಜಲಾಶಯಗಳಿವೆ. ಹುಣಸೂರಿನ ನಡುವೆ ಲಕ್ಷ್ಮಣತೀರ್ಥ ಹರಿಯುತ್ತದೆ, ಮೇಲೆ ಹನಗೋಡಿನಲ್ಲಿ ಅದಕ್ಕೆ ಅಣೆಕಟ್ಟೆ. ಪಿರಿಯಾಪಟ್ಟಣಕ್ಕೆ ಒಂದು ಅಂಚಿನಲ್ಲಿ ಕಾವೇರಿ, ಒಳಗೆ ಹಾರಂಗಿ ನಾಲೆ. ಕೆ.ಆರ್. ನಗರದ ಕಡೆ ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕಿ, ಮುಂದೆ ಕನ್ನಂಬಾಡಿಯ ಹಿನ್ನೀರಿನಲ್ಲಿ ಅಗಲವಾಗಿ ನಿಲ್ಲುತ್ತದೆ. ಈ ನಾಲ್ಕು ಕಡೆ ಕೆರೆ, ಕಟ್ಟೆ, ನಾಲೆ, ಹೊಳೆಗಳಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಶಾಲೆಗಳಿಗೆ ಲೆಕ್ಕವಿಲ್ಲ.

ಇಂಥ ಕಡೆ ಮಕ್ಕಳಿಗೆ ಸಿಗುವ ಜಲಪಾಠ ಒಂದೇ. ದಡದಲ್ಲಿ ನೆಟ್ಟ ಫಲಕದ ಮೇಲಿರುವುದೂ ಅದೇ, ಮನೆಯಲ್ಲಿ ಅಮ್ಮ ಹೇಳುವುದೂ ಅದೇ: ನೀರಿಗೆ ಇಳಿಯಬೇಡ. ಅಮ್ಮನ ಆತಂಕ ಸುಳ್ಳಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2021ನೇ ಇಸವಿಗೆ ಕೊಟ್ಟ ಜಾಗತಿಕ ಅಂದಾಜು ಸುಮಾರು 3 ಲಕ್ಷ, ಅದರಲ್ಲಿ ಮಕ್ಕಳ ಪಾಲೇ ದೊಡ್ಡದು. ಆದರೆ ದನ ಮೈತೊಳೆಯಲು, ಬಟ್ಟೆ ಒಗೆಯಲು, ಮೀನು ಹಿಡಿಯಲು, ಆಚೆ ದಡಕ್ಕೆ ಹೋಗಲು ದಿನಾ ನೀರಿಗೆ ಹೋಗಲೇಬೇಕಾದ ಮನೆಯ ಮಗುವಿಗೆ ‘ಇಳಿಯಬೇಡ’ ಎಂಬ ಮಾತು ಎಷ್ಟು ದಿನ ನಡೆದೀತು? ಎಂಟು ವರ್ಷಕ್ಕೆ ಕೇಳುತ್ತದೆ, ಹನ್ನೊಂದಕ್ಕೆ ಕದ್ದು ಹೋಗುತ್ತದೆ. ಕದ್ದು ಹೋದ ಮಗುವಿನ ಪಕ್ಕದಲ್ಲಿ ದೊಡ್ಡವರು ಇರುವುದಿಲ್ಲ ಎಂಬುದೇ ದೊಡ್ಡ ಅಪಾಯ.

ನೀರಿನ ಪಕ್ಕದ ಊರುಗಳ ಮಕ್ಕಳಿಗೆ ತೆಪ್ಪ ನಡೆಸುವುದನ್ನು ಶಾಲೆಯ ಹೊಣೆಯಲ್ಲೇ, ಹಂತ ಹಂತವಾಗಿ ಕಲಿಸಬೇಕು. ಅವರೆಲ್ಲ ಅಂಬಿಗರಾಗಲಿ ಎಂದಲ್ಲ. ತೆಪ್ಪ ನಡೆಸಲು ಕಲಿತವರಿಗೆ ಮಾತ್ರ ಯಾವ ತೆಪ್ಪ ಹತ್ತಬಾರದು ಎಂಬುದು ಗೊತ್ತಾಗುತ್ತದೆ, ಅದಕ್ಕಾಗಿ.

ಕಳೆದ ಎರಡು ದಶಕಗಳ ದೊಡ್ಡ ದೋಣಿ ದುರಂತಗಳನ್ನು ನೋಡಿ. 2007ರ ಫೆಬ್ರುವರಿ 20ರಂದು ಕೇರಳದ ತಟ್ಟೇಕ್ಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 18 ಜನ ಸತ್ತರು, ಅವರಲ್ಲಿ ಬಹುಪಾಲು ಶಾಲಾ ಮಕ್ಕಳು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ, ಮೀನುಗಾರಿಕೆಯ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿ ಓಡಿಸುತ್ತಿದ್ದಾಗ 22 ಜನ, ಅದರಲ್ಲೂ ಮಕ್ಕಳೇ ಹೆಚ್ಚು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರ್ಣಿ ಕೆರೆಯಲ್ಲಿ ಶಾಲೆಯಿಂದ ಪಿಕ್ನಿಕ್‌ಗೆ ಬಂದ 12 ಮಕ್ಕಳು, 2 ಶಿಕ್ಷಕಿಯರು. ಈ ಯಾವ ದೋಣಿಯನ್ನೂ ಮಕ್ಕಳು ನಡೆಸುತ್ತಿರಲಿಲ್ಲ. ಎಲ್ಲದರಲ್ಲೂ ಹೊಣೆ ದೊಡ್ಡವರದು. ಮತ್ತೆ ಮತ್ತೆ ಕಾಣುವ ಕಾರಣಗಳೂ ಅವೇ: ಹಿಡಿಸುವುದಕ್ಕಿಂತ ಹೆಚ್ಚು ಜನ, ಮೈಮೇಲೆ ಲೈಫ್ ಜಾಕೆಟ್ ಇಲ್ಲ, ಒಂದೇ ಪಕ್ಕಕ್ಕೆ ವಾಲಿದ ಭಾರ.

ತೇಕ್ಕಡಿಯ ಘಟನೆ ಕಬಿನಿಯವರು ವಿಶೇಷವಾಗಿ ನೆನಪಿಡಬೇಕಾದ್ದು. ಅಲ್ಲಿ ದಡದಲ್ಲಿ ಕಾಡುಪ್ರಾಣಿ ಕಂಡಿತೆಂದು ಮೇಲಂತಸ್ತಿನ ಪ್ರವಾಸಿಗರು ಒಂದೇ ಪಕ್ಕಕ್ಕೆ ಸರಿದರು, ಮೊದಲೇ ಸಮತೋಲ ಸಾಲದ ದೋಣಿ ಮಗುಚಿತು. ಬೇಸಿಗೆಯಲ್ಲಿ ಕಬಿನಿಯ ದಡದಲ್ಲಿ ಆನೆ ಹಿಂಡು ಕಾಣುವುದು ದಿನನಿತ್ಯದ ಮಾತು. ಆನೆ ಕಂಡಾಗ ಎದ್ದು ನಿಲ್ಲಬಾರದು ಎಂಬುದು ತೆಪ್ಪ ನಡೆಸಿದ ಮಗುವಿಗೆ ಮೈಗೂಡಿದ ತಿಳಿವಳಿಕೆ. ಬರೀ ಕೂತು ಹೋದ ಮಗುವಿಗೆ ಅದು ಯಾರೋ ಗದರಿ ಹೇಳಿದ ಕಟ್ಟಳೆ, ಸಡಗರದಲ್ಲಿ ಮರೆತುಹೋಗುತ್ತದೆ.

ತೆಪ್ಪವನ್ನೇ ಹತ್ತಿರದಿಂದ ನೋಡಬೇಕು. ಬಿದಿರು ಸೀಳಿ ಹೆಣೆದ ದುಂಡನೆಯ ಬುಟ್ಟಿ ಅದು. ಹಿಂದೆ ಹೊರಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲ ಇಲ್ಲವೇ ಟಾರ್ಪಾಲು ಹೊಲಿದು ಡಾಂಬರು ಬಳಿಯುತ್ತಾರೆ, ಫೈಬರ್ ತೆಪ್ಪಗಳೂ ಬಂದಿವೆ. ಒಬ್ಬನೇ ಆಳು ಬೋರಲು ಹಾಕಿಕೊಂಡು ಬೆನ್ನ ಮೇಲೆ ಹೊತ್ತು ನಡೆಯುವಷ್ಟು ಹಗುರ. ಅದಕ್ಕೆ ಮುಂದು, ಹಿಂದು ಎಂಬುದಿಲ್ಲ. ದೋಣಿಗಿರುವಂತೆ ನೀರನ್ನು ಸೀಳುವ ಏಣು ತಳದಲ್ಲಿಲ್ಲ. ಹಾಗಾಗಿ ಗೊತ್ತಿಲ್ಲದವರು ಹುಟ್ಟು ಹಾಕಿದರೆ ಅದು ಮುಂದೆ ಹೋಗದೆ ಇದ್ದಲ್ಲೇ ತಿರುಗುತ್ತದೆ. ಗೊತ್ತಿದ್ದವರು ಹೋಗಬೇಕಾದ ದಿಕ್ಕಿನ ಅಂಚಿಗೆ ಮಂಡಿಯೂರಿ ಕೂತು, ಹುಟ್ಟನ್ನು ಮುಂದಕ್ಕೆ ಚಾಚಿ, ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಳಸಿ ಎಳೆಯುವ ಆ ತಿರುವಿನಲ್ಲೇ ಎಲ್ಲ ಇದೆ. ಹರಿವ ಹೊಳೆಯಲ್ಲಾದರೆ ಮುಟ್ಟಬೇಕಾದ ಜಾಗಕ್ಕಿಂತ ಸಾಕಷ್ಟು ಮೇಲಿನಿಂದ ಹೊರಡಬೇಕು, ಸೆಳವು ಕೆಳಕ್ಕೆ ಒಯ್ಯುತ್ತದೆ ಎಂಬ ಲೆಕ್ಕ ಹಾಕಿಕೊಂಡು. ದಡ ಮುಟ್ಟಿದ ಕೂಡಲೇ ಎಲ್ಲರೂ ಒಟ್ಟಿಗೆ ಏಳುವುದರಿಂದ ಆಗುವ ಅನಾಹುತಗಳನ್ನು ಹಳೆಯ ಅಂಬಿಗರು ಚೆನ್ನಾಗಿ ಬಲ್ಲರು. ತೆಪ್ಪ ಕಟ್ಟುವ ತನಕ ಯಾರೂ ಏಳುವಂತಿಲ್ಲ ಎಂದು ಅವರು ಗದರುವುದು ಅದಕ್ಕೇ.

ದುಂಡಗಿನ ತಳದಿಂದಾಗಿ ತೆಪ್ಪ ಸುಲಭಕ್ಕೆ ಮಗುಚುವುದಿಲ್ಲ ಎಂಬ ನಂಬಿಕೆ ಇದೆ. ಎಲ್ಲರೂ ತಳದಲ್ಲಿ, ಅಂಚಿನ ಸುತ್ತ ಸಮನಾಗಿ ಹಂಚಿ ಕೂತಿದ್ದರೆ ಆ ಮಾತು ನಿಜ. ಒಬ್ಬ ಎದ್ದು ನಿಂತು ಇನ್ನೊಬ್ಬನತ್ತ ಬಾಗಿದರೆ ಸುಳ್ಳು. ಇದನ್ನು ಮಕ್ಕಳಿಗೆ ಮಾತಿನಲ್ಲಿ ಹೇಳುವುದಕ್ಕಿಂತ ಮೊಣಕಾಲುದ್ದ ನೀರಿನಲ್ಲಿ ತೋರಿಸುವುದು ಮೇಲು. ಖಾಲಿ ತೆಪ್ಪವನ್ನು ದಡದ ಹತ್ತಿರ ತೇಲಿಬಿಟ್ಟು, ನೀರಿನಿಂದ ಅದರ ಅಂಚಿನವರೆಗಿನ ಎತ್ತರವನ್ನು ಮಗು ತನ್ನ ಕೈಯಿಂದಲೇ ಅಳೆಯಲಿ. ಒಬ್ಬರು ಹತ್ತಿದ ಮೇಲೆ ಮತ್ತೆ ಅಳೆಯಲಿ, ಇಬ್ಬರಿಗೆ ಮತ್ತೊಮ್ಮೆ, ನಾಲ್ವರಿಗೆ ಇನ್ನೊಮ್ಮೆ. ಪ್ರತಿಯೊಬ್ಬರು ಹತ್ತಿದಾಗಲೂ ಅಂಚು ನೀರಿಗೆ ಎಷ್ಟು ಹತ್ತಿರ ಬಂತು ಎಂಬುದು ಕಣ್ಣಿಗೇ ಕಾಣುತ್ತದೆ. ಕೊನೆಗೆ ಒಂದು ಪಕ್ಕದವರೆಲ್ಲ ಇನ್ನೊಂದು ಪಕ್ಕಕ್ಕೆ ಸರಿಯಲಿ. ನೀರು ಒಳನುಗ್ಗುವುದನ್ನು ಮೊಣಕಾಲುದ್ದದಲ್ಲಿ ಒಮ್ಮೆ ಕಂಡ ಮಗು ನಟ್ಟ ನಡುಹೊಳೆಯಲ್ಲಿ ಸುಮ್ಮನೆ ಕೂರುತ್ತದೆ. ಅಂಚು ನೀರಿಗಿಂತ ದೊಡ್ಡವರ ಒಂದು ಗೇಣಿನಷ್ಟಾದರೂ ಮೇಲಿಲ್ಲದ ತೆಪ್ಪವನ್ನು ಹತ್ತಬಾರದು ಎಂದು ಆಗ ಹೇಳಿಕೊಟ್ಟರೆ ಆ ಗೇಣು ಅವರಿಗೆ ಜೀವನಪೂರ್ತಿ ಅಳತೆಗೋಲಾಗುತ್ತದೆ.

ಲೈಫ್ ಜಾಕೆಟ್ ಬಗ್ಗೆಯೂ ಹೀಗೆಯೇ. ‘ಹಾಕಿಕೊಳ್ಳಿ’ ಎಂದರೆ ಸಾಲದು. ದೊಡ್ಡವರ ಅಳತೆಯದನ್ನು ಎಂಟು ವರ್ಷದ ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೇಳುತ್ತದೆ, ಮಗು ಕೆಳಗೆ ಜಾರುತ್ತದೆ. ತೊಡಿಸಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಬೇಕು. ಗದ್ದ, ಕಿವಿಗಳನ್ನು ದಾಟಿ ಮೇಲೆ ಬಂದರೆ ಅದು ಆ ಮಗುವಿನದಲ್ಲ. ಚಿಕ್ಕ ಮಕ್ಕಳಿಗೆ ತೊಡೆಗಳ ನಡುವೆ ಬಿಗಿಯುವ ಪಟ್ಟಿ ಇರುವುದೇ ಬೇಕು. ಗಟ್ಟಿ ಮೈಕಟ್ಟು ಇದ್ದರೆ ಸಾಕು, ಜಾಕೆಟ್ ಯಾಕೆ ಎಂಬ ಮಾತು ಗಂಡುಹುಡುಗರಲ್ಲಿ ಬೇಗ ಬೇರೂರುತ್ತದೆ. ಅವರಿಗೆ ಹೇಳಬೇಕಾದ ಘಟನೆ ಕನ್ನಡ ಚಿತ್ರರಂಗದ್ದೇ ಇದೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರ್‌ನಿಂದ ನೀರಿಗೆ ಜಿಗಿದ ಅನಿಲ್ ಮತ್ತು ಉದಯ್ ದಡ ಸೇರಲಿಲ್ಲ. ಕಟ್ಟುಮಸ್ತಾದ ಆ ಇಬ್ಬರು ನಟರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ.

ಹಳ್ಳಿಗಳಿಗೆ ತಮ್ಮದೇ ಜಲಶಿಕ್ಷಣ ಇತ್ತು ಎಂಬುದನ್ನು ಮರೆಯಬಾರದು. ಒಣಗಿದ ಸೋರೆಬುರುಡೆ ಇಲ್ಲವೇ ಬೆಂಡು ಸೊಂಟಕ್ಕೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು, ಸೋದರಮಾವನೋ ದೊಡ್ಡಣ್ಣನೋ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಬೆಸ್ತರ ಮನೆಗಳಲ್ಲಿ ತೆಪ್ಪದ ಪಾಠ ಬಲೆಯ ಪಾಠದ ಜೊತೆಯೇ ಆಗುತ್ತಿತ್ತು. ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದವು. ನೀರು ಬಲ್ಲ ಹಿರಿಯರು ಕೂಲಿ ಹುಡುಕಿ ಪೇಟೆ ಸೇರಿದರು. ಜೊತೆಗೆ, ಆ ಹಳೆಯ ಪಾಠ ಎಲ್ಲರದೂ ಆಗಿರಲಿಲ್ಲ. ಹೆಣ್ಣುಮಕ್ಕಳನ್ನು ಅದು ಬಹುಮಟ್ಟಿಗೆ ಹೊರಗಿಟ್ಟಿತ್ತು, ಊರ ಬಾವಿಗೆ ಇಳಿಯಲು ಬಿಡದ ಜಾತಿಗಳ ಮಕ್ಕಳನ್ನಂತೂ ಪೂರ್ತಿ ಹೊರಗಿಟ್ಟಿತ್ತು. ಕಬಿನಿ ಹಿನ್ನೀರಿನಿಂದ ನೆಲೆ ಕಳೆದುಕೊಂಡ ಜೇನುಕುರುಬ, ಬೆಟ್ಟಕುರುಬ ಕುಟುಂಬಗಳಿಗೆ ಕಾಡಿನ ಪಾಠ ತಲೆತಲಾಂತರದಿಂದ ಇತ್ತು, ಸಮುದ್ರದಂತೆ ಹರಡಿ ನಿಂತ ನೀರಿನ ಪಾಠ ಇರಲಿಲ್ಲ. ಶಾಲೆಯೇ ಕಲಿಸಬೇಕು ಎನ್ನುವುದು ಇದಕ್ಕೆ. ಮನೆಯಲ್ಲಿ ಸಿಗದ ಮಗುವಿಗೂ ಸಿಗಬೇಕಾದರೆ ಸರ್ಕಾರಿ ಶಾಲೆಗಿಂತ ಬೇರೆ ಜಾಗವಿಲ್ಲ.

ಶಾಲೆಗೆ ಇದು ಆಗುವ ಕೆಲಸವೇ ಎಂದು ಕೇಳುವವರಿಗೆ ಎಚ್.ಡಿ. ಕೋಟೆಯೇ ಉತ್ತರ. ಇಂದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲೆಲ್ಲ ಕಾಣುವ ‘ನಲಿ-ಕಲಿ’ ಹುಟ್ಟಿದ್ದು ಇದೇ ತಾಲ್ಲೂಕಿನಲ್ಲಿ, 1995ರಲ್ಲಿ. ಇಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡು ಬಂದರು. ಯುನಿಸೆಫ್ ಬೆಂಬಲದೊಂದಿಗೆ ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ತಾವೇ ರೂಪಿಸಿಕೊಂಡರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಕಾಡಂಚಿನ ತಾಲ್ಲೂಕಿನ ಪ್ರಾಥಮಿಕ ಶಾಲಾ ಮೇಷ್ಟ್ರುಗಳು ಇಡೀ ರಾಜ್ಯಕ್ಕೆ ಕಲಿಸುವ ಬಗೆಯನ್ನು ತೋರಿಸಿಕೊಟ್ಟ ಉದಾಹರಣೆ ಇದು. ನೀರಿನ ಪಾಠಕ್ಕೂ ಇಂಥದೇ ಏಣಿ ಬೇಕು. ದಡದಲ್ಲಿ ನಿಂತು ಸೆಳವು, ಸುಳಿ, ಗಾಳಿಯ ದಿಕ್ಕು ಗುರುತಿಸುವುದು ಮೊದಲ ಮೆಟ್ಟಿಲು. ಜಾಕೆಟ್ ತೊಟ್ಟು ಅಂಗಾತ ತೇಲುವುದು ಮುಂದಿನದು. ಆಮೇಲೆ ಜಾಕೆಟ್ ಇಲ್ಲದೆ ತೇಲುವುದು, ಉಟ್ಟ ಬಟ್ಟೆಯಲ್ಲೇ ಒಂದಿಷ್ಟು ದೂರ ಈಜುವುದು. ತೆಪ್ಪದಲ್ಲಿ ಕೂರುವುದು, ಮಗುಚಿದ ತೆಪ್ಪವನ್ನು ಬಿಡದೆ ಹಿಡಿದು ತೇಲುವುದು ಇದಾದ ಮೇಲೆ. ಹುಟ್ಟು ಕೈಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಒಂದು ಮೆಟ್ಟಿಲು ಪಕ್ಕಾ ಆಗದೆ ಇನ್ನೊಂದಿಲ್ಲ. ನಲಿ-ಕಲಿ ತರಗತಿಯಲ್ಲಿ ಮಕ್ಕಳು ಶಿಕ್ಷಕರ ಪೂರ್ಣ ಸಹಾಯದ ‘ತಟ್ಟೆ’ ಎಂಬ ಗುಂಪಿನಿಂದ ಸ್ವಕಲಿಕೆಯ ತಟ್ಟೆಯವರೆಗೆ ಸಾಗುತ್ತಾರೆ. ನೀರಿನಲ್ಲಿ ಆ ಸ್ವಕಲಿಕೆಯ ತಟ್ಟೆ ಇರಕೂಡದು, ಎಷ್ಟೇ ಕಲಿತ ಮಗುವಿನ ಜೊತೆಗೂ ದೊಡ್ಡವರೊಬ್ಬರು ಇರಲೇಬೇಕು. ನಲಿ-ಕಲಿಯನ್ನು ಹೊಳೆಗೆ ತರುವಾಗ ಬದಲಿಸಬೇಕಾದ್ದು ಇದೊಂದನ್ನು.

ಮಗುಚುವುದನ್ನು ಬೇಕೆಂದೇ ಕಲಿಸುವುದು ಕ್ರೂರ ಎನಿಸಬಹುದು. ಆದರೆ ಜಗತ್ತಿನ ಎಲ್ಲೆಡೆ ಮಕ್ಕಳಿಗೆ ದೋಣಿ ಕಲಿಸುವವರು ಶುರುವಿಗೇ ಮಾಡಿಸುವ ಅಭ್ಯಾಸ ಇದು. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ಮಕ್ಕಳಿಗೆಂದೇ ‘ಆಪ್ಟಿಮಿಸ್ಟ್’ ಎಂಬ ಹಾಯಿದೋಣಿ ರೂಪಿಸಿದ. ಎಂಟು ಅಡಿಗೂ ಕಡಿಮೆ ಉದ್ದ, ಒಂದೇ ಮಗು ನಡೆಸುವಂಥದ್ದು, ಆಕಾರ ಬಿಟ್ಟರೆ ನಮ್ಮ ತೆಪ್ಪದಷ್ಟೇ. ಇಂದು ಲೋಕದೆಲ್ಲೆಡೆ ಹದಿನೈದರೊಳಗಿನ ಮಕ್ಕಳು ಅದನ್ನು ಓಡಿಸುತ್ತಾರೆ. ಅದನ್ನು ಹತ್ತಿದವರಿಗೆ ಮಗುಚಿ ಮತ್ತೆ ಎಬ್ಬಿಸುವುದು ಆರಂಭದ ಪಾಠಗಳಲ್ಲೊಂದು. ಇದು ಸಿರಿವಂತರ ಆಟ ಎಂದು ತಳ್ಳಿಹಾಕುವಂತಿಲ್ಲ. ಹೈದರಾಬಾದಿನ ಹುಸೇನ್ ಸಾಗರದಲ್ಲಿ 2009ರಲ್ಲಿ ಶುರುವಾದ ಯಾಚ್ ಕ್ಲಬ್ ಬಡ ಮನೆಗಳ ಮಕ್ಕಳನ್ನು ಕರೆತಂದು ಇದೇ ದೋಣಿಯಲ್ಲಿ ತರಬೇತಿ ಕೊಟ್ಟಿದೆ, ಅವರಲ್ಲಿ ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದಿದ್ದಾರೆ. ನಮ್ಮಲ್ಲೇ ಶರಾವತಿ ಹಿನ್ನೀರಿನ ಹೊನ್ನೇಮರಡುವಿನಲ್ಲಿ ತೆಪ್ಪ, ಕಯಾಕ್‌ಗಳನ್ನು ಶಿಸ್ತಾಗಿ ಕಲಿಸುವ ಕೇಂದ್ರ ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಇದೆ. ಆದರೆ ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ನೀರಿನ ಪಕ್ಕದಲ್ಲಿ ಬದುಕುವವರಲ್ಲ, ನಗರದಿಂದ ಸಾಹಸಕ್ಕೆ ಬರುವವರು.

ಕಲಿಸಿದರೆ ಮಕ್ಕಳಿಗೆ ಹುಂಬ ಧೈರ್ಯ ಬಂದು ಇನ್ನಷ್ಟು ಆಳಕ್ಕೆ ಹೋಗುವುದಿಲ್ಲವೇ? ಈ ಪ್ರಶ್ನೆ ತೂಕದ್ದು. ಇದಕ್ಕೆ ಬಾಂಗ್ಲಾದೇಶದಲ್ಲಿ ಉತ್ತರ ಸಿಕ್ಕಿದೆ. ಅಲ್ಲಿ ಮಕ್ಕಳ ಸಾವಿಗೆ ಮುಳುಗುವಿಕೆ ಪ್ರಮುಖ ಕಾರಣ. ಹಳ್ಳಿಯ ಕೊಳಗಳಲ್ಲೇ ಬಿದಿರಿನ ಅಟ್ಟ ಕಟ್ಟಿ, ಊರಿನವರನ್ನೇ ತರಬೇತುದಾರರನ್ನಾಗಿ ಮಾಡಿ, 25 ಮೀಟರ್ ಈಜು, 30 ಸೆಕೆಂಡು ತೇಲುವಿಕೆ, ದಡದಿಂದಲೇ ಕೋಲು ಚಾಚಿ ಎಳೆದುಕೊಳ್ಳುವ ರಕ್ಷಣೆ ಇವನ್ನು ‘ಸ್ವಿಮ್‌ಸೇಫ್’ ಎಂಬ ಕಾರ್ಯಕ್ರಮದಲ್ಲಿ ಕಲಿಸಿದರು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಕಲಿಯದವರಿಗಿಂತ ಶೇಕಡಾ 90ಕ್ಕೂ ಹೆಚ್ಚು ಕಡಿಮೆ. ಹುಂಬತನ ಬೆಳೆದಿದ್ದರೆ ಇಂಥ ಫಲ ಬರುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸರ್ಕಾರಗಳಿಗೆ ಸೂಚಿಸುವ ಕ್ರಮಗಳಲ್ಲಿ ಶಾಲಾ ವಯಸ್ಸಿನ ಮಕ್ಕಳಿಗೆ ಈಜು, ಜಲಸುರಕ್ಷೆ ಕಲಿಸುವುದೂ ದೋಣಿ ಸುರಕ್ಷತೆಯ ನಿಯಮಗಳನ್ನು ಜಾರಿಗೊಳಿಸುವುದೂ ಅಕ್ಕಪಕ್ಕದಲ್ಲೇ ಇವೆ. ಕೇರಳದ ಆಲುವಾದಲ್ಲಿ ಸಜಿ ವಾಳಶ್ಶೇರಿಲ್ ಪೆರಿಯಾರ್ ಹೊಳೆಯಲ್ಲೇ ಸಾವಿರಾರು ಮಂದಿಗೆ ಉಚಿತವಾಗಿ ಈಜು ಕಲಿಸಿದ್ದಾರೆ. ಅವರ ಬಳಿ ಈಜುಕೊಳ ಇರಲಿಲ್ಲ, ಇದ್ದದ್ದು ಹೊಳೆ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ತೆಪ್ಪ ನಡೆಸಲು ಬಂದ ಹುಡುಗನನ್ನು ನಾಳೆ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗಲು ಹಚ್ಚಿದರೆ? 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ 14ರ ಒಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸಿದೆ. ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಅಪಾಯಕಾರಿಯಲ್ಲದ ಕುಟುಂಬದ ಕಸುಬಿಗೆ ನೆರವಾಗಲು ಬಿಟ್ಟಿದೆ. ಈ ಸಡಿಲಿನಲ್ಲೇ ದುರುಪಯೋಗಕ್ಕೆ ದಾರಿ ಇದೆ. ಹಾಗಾಗಿ ಕಲಿಸುವಾಗಲೇ ಗೆರೆ ಎಳೆಯಬೇಕು: ಹದಿನೆಂಟು ತುಂಬದವರು ಬಾಡಿಗೆಗೆ ಯಾರನ್ನೂ ದಾಟಿಸುವಂತಿಲ್ಲ, ತಂಗಿ ತಮ್ಮಂದಿರನ್ನು ಕೂರಿಸಿಕೊಂಡು ಒಬ್ಬರೇ ಹೊರಡುವಂತಿಲ್ಲ. ತನ್ನ ಪ್ರಾಣ ಉಳಿಸಿಕೊಳ್ಳಲು ಕಲಿತದ್ದನ್ನು ದುಡಿಮೆಗೆ ಬಳಸಿಕೊಳ್ಳುವವರನ್ನು ಪಂಚಾಯಿತಿ ತಡೆಯಬೇಕು. 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ದಾಖಲಿಸಲು ಸ್ಥಳೀಯ ಸಂಸ್ಥೆಗಳಿಗೆ ದಾರಿ ಮಾಡಿಕೊಟ್ಟಿದೆ. 2017ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ದೋಣಿ ಸುರಕ್ಷತೆಗೆಂದೇ ಮಾರ್ಗಸೂಚಿ ಹೊರಡಿಸಿದೆ. ಮಕ್ಕಳಿಗೆ ಕಲಿಸುವ ಊರಿನಲ್ಲಿ ತೆಪ್ಪಗಳ ಲೆಕ್ಕವೂ ಪಂಚಾಯಿತಿಯಲ್ಲಿ ಇರಲೇಬೇಕಾಗುತ್ತದೆ. ಅಷ್ಟರಮಟ್ಟಿಗೆ ಈ ಪಾಠ ದೊಡ್ಡವರನ್ನೂ ತಿದ್ದುತ್ತದೆ.

ಮೊಸಳೆ? ಕಬಿನಿಯಲ್ಲೂ ಕಾವೇರಿಯಲ್ಲೂ ಇವೆ. ಹಿನ್ನೀರಿನ ಬಹುಭಾಗ ಹುಲಿ ಸಂರಕ್ಷಿತ ಪ್ರದೇಶಗಳ ಅಂಚಿನಲ್ಲಿದೆ, ಅಲ್ಲಿ ತೆಪ್ಪ ಇಳಿಸಲು ಅರಣ್ಯ ಇಲಾಖೆ ಬಿಡದು, ಬಿಡಲೂಬಾರದು. ಕಲಿಸಲು ಕಬಿನಿಯೇ ಆಗಬೇಕಿಲ್ಲ. ಊರ ಪಕ್ಕದ, ತಳ ಗೊತ್ತಿರುವ, ಎದೆಮಟ್ಟ ನೀರಿನ ಕೆರೆ ಸಾಕು. ಅಲ್ಲಿ ಹುಟ್ಟು ಹಿಡಿಯಲು ಕಲಿಯುವ ಮಗು ಕಬಿನಿಯ ಬಗ್ಗೆ ತಿಳಿಯಬೇಕಾದ್ದನ್ನು ದಡದಲ್ಲಿ ಕೂತೇ ತಿಳಿಯಬಹುದು: ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ನೀರಿನ ಮೇಲ್ಮೈಗೆ ತುಸು ಕೆಳಗೆ ಕಾದಿರುತ್ತವೆ; ಮುಂಗಾರಿನಲ್ಲಿ ಬಯಲು ಹಿನ್ನೀರಿನ ಮೇಲೆ ಬೀಸುವ ಗಾಳಿ ತೆಪ್ಪವನ್ನು ತನ್ನಿಷ್ಟದ ಕಡೆ ಒಯ್ಯುತ್ತದೆ; ಅಣೆಕಟ್ಟಿನ ಕೆಳಗಿನ ಹೊಳೆ ಗೇಟು ತೆಗೆದ ಕೂಡಲೇ ಬೇರೆಯೇ ಹೊಳೆ. 2019ರ ಆಗಸ್ಟ್‌ನಲ್ಲಿ ಕಬಿನಿಯಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ, ಅದೇ ವಾರ ಲಕ್ಷ್ಮಣತೀರ್ಥ ಹುಣಸೂರಿನ ತಗ್ಗುಗಳಿಗೆ ನುಗ್ಗಿದಾಗ, ಆ ಮಾತಿನ ಅರ್ಥ ಈ ಸೀಮೆಯ ಜನಕ್ಕೆ ತಿಳಿದಿದೆ.

ಇನ್ನೂ ಒಂದು ಪಾಠ ಎಲ್ಲ ಮಕ್ಕಳಿಗೂ, ಹುಟ್ಟು ಹಿಡಿಯದವರಿಗೂ, ಬೇಕು. ಒಬ್ಬ ಮುಳುಗುವಾಗ ಉಳಿಸಲು ಹಾರಿದ ಅಣ್ಣ, ಅವನನ್ನು ಉಳಿಸಲು ಹಾರಿದ ಗೆಳೆಯ ಹೀಗೆ ಒಂದೇ ಕೆರೆಯಲ್ಲಿ ಮೂರು ನಾಲ್ಕು ಮಕ್ಕಳು ಸಾಯುವ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ. ಮುಳುಗುವವರು ಕೈಗೆ ಸಿಕ್ಕವರನ್ನು ಅಮುಕಿ ಹಿಡಿಯುತ್ತಾರೆ. ಹಾಗಾಗಿ ಮಕ್ಕಳು ನೀರಿಗೆ ಹಾರಬಾರದು. ಕೂಗಿ ದೊಡ್ಡವರನ್ನು ಕರೆಯಬೇಕು, ಗಳವನ್ನೋ ಹುಟ್ಟನ್ನೋ ಚಾಚಬೇಕು, ಹಗ್ಗ, ಸೀರೆ, ಪಂಚೆ, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಬೇಕು. ದಡಕ್ಕೆ ತಂದ ಮೇಲೆ ತಲೆಯ ಮೇಲೆ ಹೊತ್ತು ಗಿರಗಿರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮ ಊರುಗಳಲ್ಲಿ ಇನ್ನೂ ನಡೆಯುತ್ತದೆ. ಅದರಲ್ಲಿ ಕಳೆಯುವ ನಿಮಿಷಗಳೇ ಪ್ರಾಣ ತೆಗೆಯುತ್ತವೆ. ಉಸಿರು ನಿಂತವರಿಗೆ ಬೇಕಾದ್ದು ಬಾಯಿಗೆ ಬಾಯಿ ಇಟ್ಟು ಕೊಡುವ ಉಸಿರು ಮತ್ತು ಎದೆಯ ಒತ್ತುವಿಕೆ. ಪ್ರೌಢಶಾಲೆಯ ಮಕ್ಕಳು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು.

ಎಲ್ಲಕ್ಕಿಂತ ಕಷ್ಟದ ಪಾಠ ನೀರಿನಲ್ಲಿಲ್ಲ, ನಾಲಿಗೆಯಲ್ಲಿದೆ. ದೊಡ್ಡವರ ಎದುರು ಮಾತಾಡಬಾರದು ಎಂದು ಬೆಳೆಸಿದ ಮಗು, ದೋಣಿ ತುಂಬಿದ್ದು ಕಂಡರೂ ಬಾಯಿ ಬಿಡುವುದಿಲ್ಲ. ಮೇಷ್ಟ್ರು ಹತ್ತು ಎಂದರೆ ಹತ್ತುತ್ತದೆ. ಹರ್ಣಿ ಕೆರೆಯಲ್ಲಿ ಹತ್ತಿದ್ದು ಹಾಗೆಯೇ. ‘ಮಾವ, ಜನ ಜಾಸ್ತಿ ಆದ್ರು, ನಾವು ಮುಂದಿನ ಸಲಕ್ಕೆ ಬತ್ತೀವಿ’ ಎಂದು ಅಂಬಿಗನಿಗೆ, ‘ಸಾರ್, ಜಾಕೆಟ್ ಇಲ್ಲ, ನಾನು ಹತ್ತಲ್ಲ’ ಎಂದು ಮೇಷ್ಟ್ರಿಗೆ ಹೇಳುವುದನ್ನು ತರಗತಿಯಲ್ಲಿ ನಾಟಕ ಮಾಡಿಸಿ ರೂಢಿ ಮಾಡಿಸಬೇಕು. ಹಾಗೆ ಹೇಳಿದ ಮಗುವನ್ನು ಬೈಯುವುದಿಲ್ಲ ಎಂದು ಊರ ಹಿರಿಯರು ಆ ನಾಟಕದ ಮುಂದೆಯೇ ಮಾತು ಕೊಡಬೇಕು. ಹುಟ್ಟು ಹಿಡಿದು ಬಲ್ಲ ಮಗುವಿನ ಮಾತಿಗೆ ಮಾತ್ರ ಆ ಬಲ ಬರುತ್ತದೆ. ಅದು ಅಂಜಿ ಆಡಿದ ಮಾತಾಗಿರುವುದಿಲ್ಲ, ಗೇಣು ಹಾಕಿ ಅಳೆದು ಆಡಿದ ಮಾತಾಗಿರುತ್ತದೆ.

ಕಲಿಸುವವರು ಯಾರು? ಮೇಷ್ಟ್ರಿಗೆ ಈಜು ಬರದಿರಬಹುದು, ಬರಬೇಕೆಂದೂ ಇಲ್ಲ. ಈ ನಾಲ್ಕು ಕಡೆಗಳಲ್ಲೂ ಮೀನುಗಾರರ ಸಹಕಾರ ಸಂಘಗಳಿವೆ. ಅಲ್ಲಿ ನೀರನ್ನು ಬಲ್ಲ ಹೆಣ್ಣು ಗಂಡು ಇಬ್ಬರೂ ಸಿಗುತ್ತಾರೆ. ಅವರಿಗೆ ಗೌರವಧನ ಕೊಟ್ಟು, ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟು ಗುರುಗಳೆಂದು ಕರೆಯಬೇಕು. ಹೆಣ್ಣುಮಕ್ಕಳಿಗೆ ಹೆಂಗಸರೇ ಕಲಿಸುವಂತಾದರೆ ಮನೆಯವರೂ ಒಪ್ಪುತ್ತಾರೆ. ಮೈಸೂರಿನಲ್ಲಿ ಎನ್‌ಸಿಸಿಯ ನೌಕಾ ಘಟಕವಿದೆ, ಈಜು, ಹುಟ್ಟು ಹಾಕುವುದು, ಹಾಯಿ ನಡೆಸುವುದು ಅದರ ಪಠ್ಯದಲ್ಲೇ ಇವೆ. ಆ ಶಿಸ್ತನ್ನು ತಾಲ್ಲೂಕು ಕೇಂದ್ರದ ಪ್ರೌಢಶಾಲೆಗಳಿಗೆ ತರುವುದು ಕಷ್ಟವೇನಲ್ಲ. ಅನಾಹುತವಾದರೆ ತಲೆ ಹೋಗುವುದು ತಮ್ಮದು ಎಂಬ ಮುಖ್ಯ ಶಿಕ್ಷಕರ ಭಯ ನ್ಯಾಯವಾದದ್ದು. ಆದ್ದರಿಂದ ಹೊಣೆಯನ್ನು ಅವರೊಬ್ಬರ ಮೇಲೆ ಬಿಡದೆ ಶಿಕ್ಷಣ, ಮೀನುಗಾರಿಕೆ, ಅಗ್ನಿಶಾಮಕ ಇಲಾಖೆಗಳು ಲಿಖಿತವಾಗಿ ಹಂಚಿಕೊಳ್ಳಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ತಂದೆ ತಾಯಿಯ ಒಪ್ಪಿಗೆ ಪಡೆಯಬೇಕು. ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಹೊರಡಿಸಿದ ಮುಳುಗುವಿಕೆ ತಡೆಯ ಚೌಕಟ್ಟೂ ಇಲಾಖೆಗಳು ಒಂದಾಗಿ ದುಡಿಯಬೇಕು ಎಂದೇ ಹೇಳುತ್ತದೆ.

ಯಾವಾಗ ಎಂಬುದು ಕೊನೆಯ, ಆದರೆ ಸಣ್ಣದಲ್ಲದ ಪ್ರಶ್ನೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಗಾಳಿ, ಕೆನ್ನೀರು, ಆಗ ನೀರಿಗಿಳಿಯುವ ಮಾತೇ ಬೇಡ. ಆ ತಿಂಗಳುಗಳು ದಡದ ಪಾಠಕ್ಕೆ, ನಾಟಕಕ್ಕೆ, ಉಸಿರು ಕೊಡುವ ಅಭ್ಯಾಸಕ್ಕೆ. ನವೆಂಬರ್‌ನಿಂದ ಕೆರೆಗಳು ತುಂಬಿ ತಿಳಿಯಾಗಿ ನಿಂತಿರುತ್ತವೆ, ಬೆಳಗಿನ ಹೊತ್ತು ಗಾಳಿ ಕಡಿಮೆ. ಫೆಬ್ರುವರಿಯೊಳಗೆ ಏಣಿಯ ಎಲ್ಲ ಮೆಟ್ಟಿಲು ಮುಗಿಯಬೇಕು. ಏಕೆಂದರೆ ಮಾರ್ಚ್ ಪರೀಕ್ಷೆಗೆ ಹೋಗುತ್ತದೆ, ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬಿದ್ದ ಮಾರನೆಯ ದಿನದಿಂದಲೇ ಮಕ್ಕಳು ಕೆರೆ, ನಾಲೆ, ಹಿನ್ನೀರಿನ ದಡದಲ್ಲಿರುತ್ತಾರೆ.